ಪಂಟ್ ಹಿಡಿಯಲು ಯಾರನ್ನು ನಿಲ್ಲಿಸಬೇಕು?

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್ಎಫ್ಎಲ್ ಸೀಸನ್ ಹತ್ತಿರ ಬಂದಾಗ ನನಗೆ ಬರುವ ಪತ್ರಗಳಲ್ಲಿ ರಿಟರ್ನರ್ ಬಗ್ಗೆಯೇ ಜಾಸ್ತಿ. ಎದುರಾಳಿ ಒದ್ದ ಚೆಂಡನ್ನು ಹಿಡಿದು ಮರಳಿ ಓಡುವವನೇ ರಿಟರ್ನರ್; ಚೆಂಡನ್ನು ನಮಗೆ ಬಿಟ್ಟುಕೊಡುತ್ತಾ ಎದುರಾಳಿ ದೂರಕ್ಕೆ, ಎತ್ತರಕ್ಕೆ ಒದೆಯುವುದೇ ಪಂಟ್. ಅದರಲ್ಲೂ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಈ ಸಲ ಅದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ನಿಯಮಗಳನ್ನೆಲ್ಲ ಉದ್ದಕ್ಕೆ ಹೇಳುತ್ತಾ ಕೂರುವುದಿಲ್ಲ. ಪಂದ್ಯ ನೋಡುವವರಿಗೆ ಅದೆಲ್ಲ ಗೊತ್ತಿರುತ್ತದೆ, ಹೊಸಬರಿಗೆ ಅಲ್ಲಲ್ಲೇ ಒಂದೆರಡು ಮಾತು.

ಪ್ರಶ್ನೆ: ನಮ್ಮ ತಂಡದಲ್ಲಿ 40 ಯಾರ್ಡ್ ಓಟವನ್ನು 4.3 ಸೆಕೆಂಡಿನಲ್ಲಿ ಮುಗಿಸುವ ಹುಡುಗ ಇದ್ದಾನೆ. ಆದರೂ ಕೋಚ್ ಪಂಟ್ ಹಿಡಿಯಲು ನಿಧಾನವಾಗಿ ಓಡುವ ಹಳೇ ಆಟಗಾರನನ್ನೇ ನಿಲ್ಲಿಸುತ್ತಾರೆ. ಇದು ಪುಕ್ಕಲುತನ ಅಲ್ವಾ? (ಸನ್ನಿವೇಲ್‌ನ ಓದುಗರು)

ಅಲ್ಲವೇ ಅಲ್ಲ. ಆ 4.3 ಸೆಕೆಂಡಿನ ಓಟದಲ್ಲಿ ಚೆಂಡು ಇರುವುದಿಲ್ಲ, ಎದುರಾಳಿ ಇರುವುದಿಲ್ಲ. ನೇರ ಗೆರೆಯಲ್ಲಿ ಓಡಿದರೆ ಆಯಿತು. ಪಂಟ್ ಹಾಗಲ್ಲ. ಚೆಂಡು ಸುಮಾರು ನಾಲ್ಕೂವರೆ ಸೆಕೆಂಡು ಗಾಳಿಯಲ್ಲಿರುತ್ತದೆ. ಅಷ್ಟರಲ್ಲಿ ಇಬ್ಬರು ಗನ್ನರ್‌ಗಳು (ಚೆಂಡು ಹಿಡಿದವನನ್ನು ಕೆಡವಲು ಓಡಿ ಬರುವ ಎದುರಾಳಿಗಳು) ಎರಡೂ ಬದಿಯಿಂದ ನುಗ್ಗಿ ಬರುತ್ತಿರುತ್ತಾರೆ. ಇವನ ಕಣ್ಣು ಆಕಾಶದಲ್ಲಿರಬೇಕು, ಅವರು ಎಲ್ಲಿದ್ದಾರೆ ಎನ್ನುವುದೂ ಗೊತ್ತಿರಬೇಕು. ಹಿಡಿದು ಓಡುವುದೋ, ಕೈ ಎತ್ತಿ ಫೇರ್ ಕ್ಯಾಚ್ (ನಾನು ಓಡುವುದಿಲ್ಲ, ನನ್ನನ್ನು ಮುಟ್ಟಬೇಡಿ ಎಂಬ ಸನ್ನೆ) ಕೇಳುವುದೋ, ಬಿಟ್ಟು ದೂರ ಸರಿಯುವುದೋ ಎಂದು ಒಬ್ಬನೇ ತೀರ್ಮಾನಿಸಬೇಕು. ಒಂದು ಪಂಟ್ ರಿಟರ್ನ್‌ನಿಂದ ಸರಾಸರಿ ಸಿಗುವುದು ಹತ್ತು ಯಾರ್ಡ್ ಆಸುಪಾಸು. ಕೈಜಾರಿದರೆ ಹೋಗುವುದು ಚೆಂಡೇ, ಅದೂ ನಮ್ಮ ಅಂಗಳದಲ್ಲಿ.

ಚೆಂಡು ಬೀಳುವ ರೀತಿಯೂ ಒಂದೇ ಥರ ಇರುವುದಿಲ್ಲ. ಅದರ ಮೂಗು (ಚೂಪು ತುದಿ) ಕೆಳಕ್ಕೆ ತಿರುಗಿದರೆ ನೀವು ಅಂದುಕೊಂಡದ್ದಕ್ಕಿಂತ ಮುಂದೆ ಹೋಗಿ ಬೀಳುತ್ತದೆ. ಮೂಗು ಮೇಲೇ ಉಳಿದರೆ ಮೊದಲೇ ಸತ್ತು ಬೀಳುತ್ತದೆ. ಎಡಗಾಲಿನ ಪಂಟರ್ ಹೊಡೆದರೆ ಸುತ್ತುವ ದಿಕ್ಕೇ ಉಲ್ಟಾ, ಸರಿಯುವ ಬದಿಯೂ ಉಲ್ಟಾ. ಬರೀ ಬಲಗಾಲಿನ ಪಂಟ್‌ಗಳನ್ನು ಹಿಡಿದು ಬೆಳೆದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಪೇಟ್ರಿಯಟ್ಸ್ ತಂಡ ವರ್ಷಗಟ್ಟಲೆ ಎಡಗಾಲಿನ ಪಂಟರ್‌ಗಳನ್ನು ಸಾಕಿತ್ತು. ಇದರ ಮೇಲೆ ಬಫಲೋ ನಗರದ ಗಾಳಿ, ಡಿಸೆಂಬರಿನ ಚಳಿಗೆ ಕಲ್ಲಾದ ಚೆಂಡು.

ಅದಕ್ಕೇ ನಾನು ಹುಡುಗರನ್ನು ನೋಡುವಾಗ ಮೊದಲು ಕಾಲು ನೋಡುತ್ತೇನೆ. ಚೆಂಡು ಬರುವ ಮೊದಲೇ ಅದರ ಕೆಳಗೆ ಬಂದು ನಿಲ್ಲುತ್ತಾನಾ, ಇಲ್ಲ ಕೊನೇ ಗಳಿಗೆಯಲ್ಲಿ ಕೈ ಚಾಚಿ ಓಡುತ್ತಾನಾ? ಆಮೇಲೆ ಮೊಣಕೈ. ಅದು ಮೈಗೆ ಹತ್ತಿರ ಇರಬೇಕು. ಆಮೇಲೆ ಕಂಕುಳಲ್ಲಿ ಒಂದು ಚೆಂಡು ಇಟ್ಟುಕೊಂಡೇ ಇನ್ನೊಂದನ್ನು ಹಿಡಿಯಲು ಹೇಳುತ್ತೇನೆ. ಇಷ್ಟೂ ಗೆದ್ದವನ ಮೊದಲ ಹತ್ತು ಯಾರ್ಡ್ ವೇಗ ನೋಡುತ್ತೇನೆ. ಪೂರ್ತಿ ವೇಗ ಕಟ್ಟಕಡೆಗೆ.

ಸನ್ನಿವೇಲ್‌ನವರಿಗೆ 2012ರ ಜನವರಿ 22 ಮರೆತಿರಲಿಕ್ಕಿಲ್ಲ. ಕ್ಯಾಂಡಲ್‌ಸ್ಟಿಕ್ ಪಾರ್ಕ್, ಮಳೆ, ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಎನ್ಎಫ್‌ಸಿ ಫೈನಲ್ (ಗೆದ್ದವರು ಸೂಪರ್ ಬೌಲ್‌ಗೆ). ಸ್ಯಾನ್‌ಫ್ರಾನ್ಸಿಸ್ಕೋ ತಂಡ ಫಾರ್ಟಿನೈನರ್ಸ್‌ನ ಖಾಯಂ ರಿಟರ್ನರ್ ಟೆಡ್ ಗಿನ್ ಗಾಯಗೊಂಡಿದ್ದರು. ಅವರ ಜಾಗಕ್ಕೆ ಕೈಲ್ ವಿಲಿಯಮ್ಸ್ ಬಂದರು. ನಾಲ್ಕನೇ ಕ್ವಾರ್ಟರ್‌ನಲ್ಲಿ 14-10ರ ಮುನ್ನಡೆ ಇದ್ದಾಗ ನೆಲಕ್ಕೆ ಬಿದ್ದು ಪುಟಿದ ಪಂಟ್ ವಿಲಿಯಮ್ಸ್ ಮೊಣಕಾಲಿಗೆ ಸವರಿತು. ಹೀಗೆ ಮೈಗೆ ತಾಗಿದ ಚೆಂಡು ಎತ್ತಿಕೊಂಡವರದು. ಅದು ಜೈಂಟ್ಸ್ ಪಾಲಾಯಿತು, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಬಂತು. ಓವರ್‌ಟೈಮ್‌ನಲ್ಲಿ ಪಂಟ್ ಹಿಡಿದು ಓಡುವಾಗ ಅವರ ಕೈಯಿಂದ ಚೆಂಡು ಕಿತ್ತರು. ಜೈಂಟ್ಸ್‌ಗೆ 31 ಯಾರ್ಡ್ ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದು ಗಳಿಸುವ ಅಂಕ). 20-17. ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್ ಕೈತಪ್ಪಿತು. ಆ ಹುಡುಗನಿಗೆ ಆಮೇಲೆ ಕೊಲೆ ಬೆದರಿಕೆಗಳು ಬಂದವು. ಅದು ನಾಚಿಕೆಗೇಡು. ಮೊದಲ ತಪ್ಪು ಓಟದ್ದೂ ಅಲ್ಲ, ಕೈಯದ್ದೂ ಅಲ್ಲ ಅನ್ನುವುದನ್ನು ಗಮನಿಸಿ. ಹಿಡಿಯದ ಚೆಂಡಿನಿಂದ ದೂರ ಓಡಬೇಕಿತ್ತು, ಅಷ್ಟೇ. ಹಾಗಾಗಿ ನನ್ನ ಮಟ್ಟಿಗೆ ಎರಡನೇ ರಿಟರ್ನರ್ ಆಯ್ಕೆಯೂ ಮೊದಲನೆಯವನ ಆಯ್ಕೆಯಷ್ಟೇ ಗಂಭೀರ. ತಂಡ ಕಟ್ಟುವ ಆಗಸ್ಟ್‌ನಲ್ಲಿ ಯಾರೂ ಅದನ್ನು ಕೇಳುವುದಿಲ್ಲ.

"ಹಾಗಾದರೆ ಡೆವಿನ್ ಹೆಸ್ಟರ್?" ಅಂತೀರಿ. 14 ಪಂಟ್ ರಿಟರ್ನ್ ಟಚ್‌ಡೌನ್‌ಗಳ ದಾಖಲೆ, 2024ರಲ್ಲಿ ಹಾಲ್ ಆಫ್ ಫೇಮ್. ಅವರಲ್ಲಿ ವೇಗ ಇತ್ತು, ನಿಜ. ಅದಕ್ಕಿಂತ ದೊಡ್ಡದು ತಾಳ್ಮೆ. ಬ್ಲಾಕ್ (ತನ್ನ ತಂಡದವರು ಎದುರಾಳಿಗಳನ್ನು ತಡೆಯುವುದು) ಕೂಡಿಬರುವವರೆಗೆ ಕಾದು ಒಂದೇ ಹೆಜ್ಜೆಯಲ್ಲಿ ತಿರುಗುತ್ತಿದ್ದರು. 2007ರಲ್ಲಿ ಅವರ ರಿಟರ್ನ್ ಟಚ್‌ಡೌನ್ ಆರು. 2008ರಲ್ಲಿ ಬೇರ್ಸ್ ತಂಡ ಅವರ ಮೇಲೆ ರಿಸೀವರ್ (ಪಾಸ್ ಹಿಡಿಯುವವನು) ಕೆಲಸವನ್ನೂ ಜಾಸ್ತಿ ಹೇರಿತು. ಆ ವರ್ಷ ಸೊನ್ನೆ, ಮುಂದಿನ ವರ್ಷವೂ ಸೊನ್ನೆ. ನಿಮ್ಮ 4.3ರ ಹುಡುಗ ಮುಖ್ಯ ರಿಸೀವರ್ ಆಗಿದ್ದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗಾಯದ ವಿಷಯದಲ್ಲಿ ನಾನು ತುಂಬಾ ಎಚ್ಚರಿಕೆಯವನು. 1998ರ ಪ್ರೀಸೀಸನ್‌ನಲ್ಲಿ ಜೈಂಟ್ಸ್ ತಮ್ಮ ಅತ್ಯುತ್ತಮ ಕಾರ್ನರ್‌ಬ್ಯಾಕ್ (ಎದುರಾಳಿ ರಿಸೀವರ್‌ಗಳನ್ನು ತಡೆಯುವವನು) ಜೇಸನ್ ಸೀಹಾರ್ನ್ ಅವರನ್ನು ಕಿಕ್‌ಆಫ್ (ಆಟ ಶುರುವಿನ, ಅಂಕ ಬಂದ ನಂತರದ ಒದೆತ) ಹಿಡಿಯಲು ಕಳಿಸಿತು. ಮೊಣಕಾಲಿನ ಲಿಗಮೆಂಟ್ ಹರಿಯಿತು, ಇಡೀ ವರ್ಷ ಹೋಯಿತು. ತಾರೆಯನ್ನು ಅಲ್ಲಿ ನಿಲ್ಲಿಸಬೇಡಿ. ಪಂದ್ಯವೇ ಕೈಬಿಟ್ಟು ಹೋಗುತ್ತಿರುವಾಗ ಮಾತ್ರ ನಿಲ್ಲಿಸಿ.

ಪ್ರಶ್ನೆ: ಪಂಟ್ ಹಿಡಿಯುವವನೇ ಕಿಕ್‌ಆಫ್ ಹಿಡಿದರೆ ಸಾಲದೇ? (ನ್ಯೂಜೆರ್ಸಿಯ ಓದುಗರು)

ಸಾಲದು. 2024ರಿಂದ ಕಿಕ್‌ಆಫ್ ಬೇರೆಯದೇ ಆಟ. ಒದೆಯುವವನ ತಂಡದವರು ಎದುರಾಳಿಯ 40 ಯಾರ್ಡ್ ಗೆರೆಯಲ್ಲೇ ನಿಂತಿರುತ್ತಾರೆ. ಚೆಂಡು ನೆಲಕ್ಕೋ ಹಿಡಿಯುವವನಿಗೋ ತಾಗುವವರೆಗೆ ಅವರು ಅಲ್ಲಾಡುವಂತಿಲ್ಲ. ಫೇರ್ ಕ್ಯಾಚ್ ಇಲ್ಲ. ಗೋಲ್ ಗೆರೆಯಿಂದ 20 ಯಾರ್ಡ್‌ವರೆಗಿನ ಲ್ಯಾಂಡಿಂಗ್ ಝೋನ್‌ನಲ್ಲಿ ಬಿದ್ದ ಚೆಂಡನ್ನು ಆಡಲೇಬೇಕು. 2025ರಲ್ಲಿ ನೇರ ಟಚ್‌ಬ್ಯಾಕ್‌ಗೆ (ಚೆಂಡು ಸೀದಾ ಎಂಡ್‌ಝೋನ್, ಅಂದರೆ ಗೋಲ್ ಗೆರೆಯ ಹಿಂದಿನ ಜಾಗ ಸೇರಿದಾಗ) ಹಿಡಿಯುವ ತಂಡಕ್ಕೆ ತನ್ನ 35 ಯಾರ್ಡ್ ಗೆರೆಯಿಂದ ಆಡಲು ಕೊಟ್ಟ ಮೇಲೆ ಸುಮ್ನೆ ಎಂಡ್‌ಝೋನ್‌ಗೆ ಒದ್ದು ಕಳಿಸುವುದು ಕಿಕರ್‌ಗಳಿಗೆ ದುಬಾರಿಯಾಯಿತು. ಇಲ್ಲಿ ಅಡ್ಡಡ್ಡ ಕುಣಿಯುವವನು ಬೇಡ. ಸಂದು ಕಂಡ ಕೂಡಲೇ ನೇರ ನುಗ್ಗುವ, ಒಂದು ಏಟು ತಿಂದರೂ ಬೀಳದ ಗಟ್ಟಿ ಆಳು ಬೇಕು. ನಾನಾದರೆ ರನ್ನಿಂಗ್ ಬ್ಯಾಕ್‌ಗಳಲ್ಲಿ (ಚೆಂಡು ಹೊತ್ತು ಓಡುವವರು) ಹುಡುಕುತ್ತೇನೆ. ಹಿಂದೆ ಇಬ್ಬರು ನಿಲ್ಲಬಹುದು, ಆದ್ದರಿಂದ ಇಬ್ಬರನ್ನೂ ತಯಾರು ಮಾಡಿ.

ಪ್ರಶ್ನೆ: ರಿಟರ್ನರ್ ಕುಳ್ಳಗಿರಲೇಬೇಕಾ?

ಇಲ್ಲ. ಡ್ಯಾರೆನ್ ಸ್ಪ್ರೋಲ್ಸ್ 5 ಅಡಿ 6 ಇಂಚು. ಕಿಕ್‌ಆಫ್‌ನಲ್ಲಿ ಒಂಬತ್ತು ಟಚ್‌ಡೌನ್ ಹೊಡೆದ ಕಾರ್ಡರೆಲ್ ಪ್ಯಾಟರ್ಸನ್ 6 ಅಡಿ 2 ಇಂಚು.

ಪ್ರಶ್ನೆ: ಪಂಟ್ ನಮ್ಮ 4 ಯಾರ್ಡ್ ಗೆರೆಗೆ ಬರುತ್ತಿದ್ದರೆ ಹಿಡಿಯಬೇಕಾ?

ಹಿಮ್ಮಡಿ 10 ಯಾರ್ಡ್ ಗೆರೆಯ ಮೇಲಿಡಿ, ಅದರ ಹಿಂದೆ ಬಿದ್ದದ್ದನ್ನು ಬಿಡಿ, ಅದು ಗೋಲ್ ಗೆರೆ ದಾಟಿ ಟಚ್‌ಬ್ಯಾಕ್ ಆಗಬಹುದು. ಇದರ ಬಗ್ಗೆ ಮತ್ತೆ ಬರೆಯಬೇಡಿ.

ಪ್ರಶ್ನೆ: "ಆರೇ ವಾರದಲ್ಲಿ ರಿಟರ್ನರ್" ಎಂಬ ಆನ್‌ಲೈನ್ ಕೋರ್ಸ್‌ಗೆ ಮಗನನ್ನು ಸೇರಿಸಲೇ? (ಡಲ್ಲಾಸ್‌ನ ತಾಯಿ)

ದಯವಿಟ್ಟು ಬೇಡ. ಬೆನ್ನಿಗೆ ಪ್ಯಾರಾಚೂಟ್ ಕಟ್ಟಿ ಓಡಿಸಿ, ಹೈಲೈಟ್ ವಿಡಿಯೋ ಮಾಡಿ ದುಡ್ಡು ಕೀಳುವವರು ಇವರು. ಗಾಳಿಯಿಂದ ಬೀಳುವ ಒಂದು ಚೆಂಡನ್ನೂ ಮಗನಿಗೆ ಹಿಡಿಸದೆ ಯಾರು ಏನು ಕಲಿಸುತ್ತಾರೆ? ಶಾಲೆಯ ಪಂಟರ್ ಹುಡುಗನನ್ನು ಪ್ರ್ಯಾಕ್ಟೀಸ್ ಮುಗಿದ ಮೇಲೆ ಇಪ್ಪತ್ತು ನಿಮಿಷ ನಿಲ್ಲಿಸಿಕೊಳ್ಳಲು ಹೇಳಿ. ಗಾಳಿ ಇರುವ ದಿನವೂ ಬಿಡಬೇಡಿ.

ಪ್ರಶ್ನೆ: ಕ್ರಿಕೆಟ್‌ನಲ್ಲಿ ಬೌಂಡರಿ ಬಳಿ ಒಳ್ಳೇ ಕ್ಯಾಚ್ ಹಿಡಿಯುವ ಹುಡುಗ ಪಂಟ್‌ಗೂ ಆಗುತ್ತಾನಾ?

ಎತ್ತರದ ಚೆಂಡಿನ ಕೆಳಗೆ ಬಂದು ನಿಲ್ಲುವ ಅಭ್ಯಾಸ ಅವನಿಗೆ ಖಂಡಿತ ಉಪಯೋಗ. ಆದರೆ ಬೌಂಡರಿಯಲ್ಲಿ ಅವನ ಮೇಲೆ ಯಾರೂ ನುಗ್ಗಿ ಬರುವುದಿಲ್ಲ. ಮೊದಲ ತಿಂಗಳು ಎದುರಿಗೆ ಇಬ್ಬರನ್ನು ಓಡಿಸುತ್ತಲೇ ಹಿಡಿಸಿ. ಅವರ ಕಡೆ ಕಣ್ಣು ಹೊರಳಿಸಿ ಚೆಂಡು ಬಿಡುತ್ತಿದ್ದರೆ, ರಿಸೀವರ್ ಜಾಗದಲ್ಲಿ ಪ್ರಯತ್ನಿಸಲು ಹೇಳಿ.