ನೀವು ಕೇಳಿದಿರಿ: ಕಡಿಮೆ ಖರ್ಚಿನಲ್ಲಿ ಸುಶಿ

ಪ್ರಶ್ನೆ: ಬೆಂಗಳೂರಿನಲ್ಲಿ ಒಂದು ತಟ್ಟೆ ಸುಶಿಗೆ ಕೊಡುವ ದುಡ್ಡಿನಲ್ಲಿ ತುಮಕೂರಿನಲ್ಲಿ ಮನೆಮಂದಿಯೆಲ್ಲ ಹೋಟೆಲ್ ಊಟ ಮಾಡಬಹುದು. ಮನೆಯಲ್ಲೇ ಮಾಡಿದರೆ ಅಗ್ಗವಾಗುತ್ತದೆಯೇ? (ಎಸ್.ಎಸ್. ಪುರಂ)

ಉತ್ತರ: ಆಗುತ್ತದೆ, ಹಸಿ ಮೀನಿನ ಆಸೆ ಬಿಟ್ಟರೆ. ಸುಶಿ ಎಂದರೆ ವಿನೆಗರ್ ಬೆರೆಸಿದ ಅನ್ನದ ಜಪಾನಿ ತಿನಿಸು. ಆ ತಟ್ಟೆಯಲ್ಲಿ ದುಬಾರಿಯಾದದ್ದು ಅನ್ನವಲ್ಲ, ಹೊರದೇಶದಿಂದ ವಿಮಾನದಲ್ಲಿ ಬರುವ ಸಾಲ್ಮನ್ ಮೀನು ಮತ್ತು ಅಂಗಡಿಯ ಬಾಡಿಗೆ. ಮನೆಯಲ್ಲಿ ಕೈ ಬಿಚ್ಚಿ ಖರ್ಚು ಮಾಡಬೇಕಾದದ್ದು ಎರಡಕ್ಕೇ: ನೋರಿ ಹಾಳೆ (ಅನ್ನದ ಹೊರಗೆ ಸುತ್ತುವ ಒಣ ಸಮುದ್ರ ಪಾಚಿ) ಮತ್ತು ಅಕ್ಕಿಯ ವಿನೆಗರ್. ನೋರಿಯ ಒಂದು ಹಾಳೆ ಸುಮಾರು 19x21 ಸೆಂ.ಮೀ. ಇರುತ್ತದೆ. ಅದನ್ನು ಅರ್ಧ ಮಾಡಿ ಸಣ್ಣ ಸುರುಳಿ ಸುತ್ತಿದರೆ 6 ತುಂಡು. ಅಂದರೆ 10 ಹಾಳೆಯ ಪೊಟ್ಟಣದಿಂದ 120 ತುಂಡು ಬರುತ್ತವೆ. ಒಳಗೆ ಇಡಲು ಅಂತರಸನಹಳ್ಳಿ ಮಾರುಕಟ್ಟೆಯ ಎಳೆ ಸೌತೆಕಾಯಿ, ಬೇಯಿಸಿದ ಕ್ಯಾರೆಟ್, ಬೆಣ್ಣೆಹಣ್ಣು, ಉದ್ದಕ್ಕೆ ಸೀಳಿದ ಆಮ್ಲೆಟ್ ಧಾರಾಳವಾಯಿತು. ಸೌತೆಕಾಯಿಯ ಬೀಜದ ತಿರುಳು ತೆಗೆದು, ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ಅದರ ನೀರಿಗೆ ನೋರಿ ಹತ್ತೇ ನಿಮಿಷದಲ್ಲಿ ಅಗಿಯಲಾಗದ ರಬ್ಬರಾಗುತ್ತದೆ.

ಪ್ರಶ್ನೆ: ಸೋನಾ ಮಸೂರಿಯಲ್ಲಿ ಮಾಡಿದೆ. ಕತ್ತರಿಸುವಾಗ ಸುರುಳಿ ಬಿಚ್ಚಿಕೊಂಡು ಅನ್ನವೆಲ್ಲ ಚೆಲ್ಲಿತು. ಜಪಾನಿನ ಅಕ್ಕಿಯೇ ಬೇಕೇ? (ಬಟವಾಡಿ)

ಉತ್ತರ: ಚಿತ್ರಾನ್ನಕ್ಕೆ ನಾವು ಮೆಚ್ಚುವ ಉದುರುದುರು ಅನ್ನವೇ ಇಲ್ಲಿ ಶತ್ರು. ಜಪಾನಿನ ಗುಂಡು ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಕಡಿಮೆ, ಹಾಗಾಗಿ ಅನ್ನ ತಾನಾಗಿಯೇ ಅಂಟಿಕೊಳ್ಳುತ್ತದೆ. ಸೋನಾ ಮಸೂರಿಯಲ್ಲೂ ಕೆಲಸ ಸಾಗಿಸಬಹುದು, ಆದರೆ ಅಂಗಡಿಯಲ್ಲಿ ಹೊಸ ಅಕ್ಕಿಯನ್ನೇ ಕೇಳಿ. ವರ್ಷ ಹಳೆಯದಾದರೆ ಅಂಟು ಹೋಗಿರುತ್ತದೆ. ಇಡ್ಲಿ ಅಕ್ಕಿ, ಕುಸುಬಲಕ್ಕಿ ಬೇಡವೇ ಬೇಡ.

ಒಂದು ಲೋಟ ಅಕ್ಕಿ (ಸುಮಾರು 200 ಗ್ರಾಂ) ತೊಳೆದು 20 ನಿಮಿಷ ನೆನೆಸಿ. ಹೊಸ ಸೋನಾ ಮಸೂರಿಗೆ ಎರಡು ಲೋಟ ನೀರು ಇಡಿ, ಜಪಾನಿನ ಅಕ್ಕಿಯಾದರೆ ಒಂದೂಕಾಲು ಲೋಟ ಸಾಕು. ಕುಕ್ಕರ್ ಎರಡು ಕೂಗಿದ ಮೇಲೆ ಆರಿಸಿ, ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ. ಅಷ್ಟರಲ್ಲಿ 2 ದೊಡ್ಡ ಚಮಚ ವಿನೆಗರ್, 1 ದೊಡ್ಡ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು ಸೇರಿಸಿ, ಸಕ್ಕರೆ ಕರಗುವಷ್ಟು ಮಾತ್ರ ಬಿಸಿ ಮಾಡಿ. ಕುದಿಸಿದರೆ ಹುಳಿಯ ಘಮ ಹಾರಿಹೋಗುತ್ತದೆ. ಅನ್ನವನ್ನು ಅಗಲವಾದ ಸ್ಟೀಲ್ ತಟ್ಟೆಗೆ ಸುರಿಯಿರಿ (ಅಲ್ಯೂಮಿನಿಯಂ ಬೇಡ, ಹುಳಿಗೆ ಆಗುವುದಿಲ್ಲ). ಬಿಸಿ ಇರುವಾಗಲೇ ವಿನೆಗರ್ ಚಿಮುಕಿಸಿ, ಸೌಟಿನ ಅಂಚಿನಿಂದ ಕೊಯ್ದಂತೆ ಬೆರೆಸಿ. ಒಬ್ಬರು ಬೆರೆಸುವಾಗ ಇನ್ನೊಬ್ಬರು ಬೀಸಣಿಗೆ ಹಿಡಿದರೆ ಅನ್ನಕ್ಕೆ ಹೊಳಪು ಬರುತ್ತದೆ. ತಣ್ಣಗಾದ ಅನ್ನ ವಿನೆಗರ್ ಹೀರುವುದಿಲ್ಲ, ತಳದಲ್ಲಿ ನೀರಾಗಿ ನಿಲ್ಲುತ್ತದೆ. ಬೇಗ ಆರಲಿ ಎಂದು ಫ್ರಿಜ್‌ನಲ್ಲಿಟ್ಟರೆ ಅಗುಳು ಗಟ್ಟಿಯಾಗುತ್ತದೆ.

ಇಷ್ಟು ಅನ್ನದಿಂದ ಐದು ಸಣ್ಣ ಸುರುಳಿ ಖಂಡಿತ. ಪ್ರತಿಯೊಂದಕ್ಕೂ ಸುಮಾರು 80 ಗ್ರಾಂ ಅನ್ನ ಹಿಡಿಯುತ್ತದೆ, ಆಸೆಗೆ ಬಿದ್ದು ಹೆಚ್ಚು ತುಂಬಿದರೆ ನೋರಿ ಸೀಳುತ್ತದೆ. ನೋರಿಯ ಹೊಳೆಯುವ ಮೈ ಕೆಳಗಿರಲಿ, ಆಚೆ ತುದಿಯಲ್ಲಿ ಒಂದೂವರೆ ಸೆಂ.ಮೀ. ಖಾಲಿ ಬಿಡಿ. ನಿಮ್ಮ ಸುರುಳಿ ಬಿಚ್ಚಿಕೊಳ್ಳಲು ಈ ಅಂಚು ಬಿಡದಿರುವುದೂ ಕಾರಣವಿರಬಹುದು. ಬಿದಿರು ಚಾಪೆ ಇಲ್ಲದಿದ್ದರೆ ದಪ್ಪ ಟವೆಲ್ ಮಡಚಿ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ. ಪ್ರತಿ ಸಲ ಚಾಕು ಒರೆಸಿ, ಒದ್ದೆ ಮಾಡಿ, ಎಳೆದು ಕೊಯ್ಯಿರಿ. ಒತ್ತಿದರೆ ಚಪ್ಪಟೆಯಾಗುತ್ತದೆ.

ಪ್ರಶ್ನೆ: ತಾಜಾ ಕಾಟ್ಲಾ ಸಿಗುತ್ತದೆ. ಎರಡು ದಿನ ಫ್ರೀಜರಿನಲ್ಲಿಟ್ಟು ಹಸಿಯಾಗಿಯೇ ಹಾಕಬಹುದೇ? (ಶಿರಾ ಗೇಟ್)

ಉತ್ತರ: ಬೇಡ. ಸಿಹಿನೀರಿನ ಮೀನಿನಲ್ಲಿ ಮನುಷ್ಯರಿಗೆ ಅಂಟುವ ಹುಳುಗಳಿರಬಹುದು. ಹಸಿ ತಿನ್ನುವ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕೆಂಬುದು ರೂಢಿಯ ನಿಯಮ. ಮನೆಯ ಫ್ರೀಜರ್ ಮೈನಸ್ 18ರ ಆಸುಪಾಸಿನಲ್ಲಿರುತ್ತದೆ, ಬಾಗಿಲು ತೆಗೆದಾಗಲೆಲ್ಲ ಏರುತ್ತದೆ. ಅದೂ ಅಲ್ಲದೆ ತಣ್ಣಗಿಟ್ಟರೆ ಸಾಯುವುದು ಹುಳು, ಬ್ಯಾಕ್ಟೀರಿಯಾ ಅಲ್ಲ. ಮಾಂಸಾಹಾರವೇ ಬೇಕೆಂದರೆ ಸಿಗಡಿಯ ಹೊಟ್ಟೆಯುದ್ದಕ್ಕೆ ಕಡ್ಡಿ ಚುಚ್ಚಿ ಎರಡು ಮೂರು ನಿಮಿಷ ಬೇಯಿಸಿ, ಮುದುಡುವುದಿಲ್ಲ. ಡಬ್ಬಿಯ ಟ್ಯೂನಾವನ್ನು ಚೆನ್ನಾಗಿ ಹಿಂಡಿ, ಮಯೊನೀಸ್ ಕಲಸಿದರೂ ಆಯಿತು.

ಪ್ರಶ್ನೆ: ಬೆಂಗಳೂರಿಗೆ ಹೋದಾಗ ಹೋಟೆಲಿನಲ್ಲೇ ಕಡಿಮೆಗೆ ತಿನ್ನುವುದು ಹೇಗೆ? ಪಾರ್ಸೆಲ್ ತರಬಹುದೇ? (ಎಂ.ಜಿ. ರಸ್ತೆ)

ಉತ್ತರ: ತಟ್ಟೆಯ ಬೆಲೆ ನೋಡಬೇಡಿ, ತುಂಡಿನ ಬೆಲೆ ಲೆಕ್ಕ ಹಾಕಿ. ಅನ್ನದ ಮೇಲೆ ಮೀನಿಟ್ಟ ನಿಗಿರಿ ಸಾಮಾನ್ಯವಾಗಿ ಎರಡೇ ತುಂಡು, ಸುರುಳಿಯಾದರೆ ಆರೋ ಎಂಟೋ. ಮಧ್ಯಾಹ್ನದ ಸೆಟ್ ಊಟ ಇದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಸೌತೆಕಾಯಿಯದೊಂದು ತಟ್ಟೆ ಹೊಟ್ಟೆಗೆ, ಸಾಲ್ಮನ್ ನಿಗಿರಿ ಒಂದು ತಟ್ಟೆ ನಾಲಿಗೆಗೆ ಎಂದು ಹಂಚಿಕೊಂಡರೆ ಇಬ್ಬರಿಗೆ ಹಿತವಾಗಿರುತ್ತದೆ. ಸಾಸ್ ಮೇಲೆ ಸಾಸ್ ಸುರಿದ ಡ್ರ್ಯಾಗನ್, ವಾಲ್ಕೆನೊ ಸುರುಳಿಗಳಲ್ಲಿ ನೀವು ಕೊಂಡದ್ದು ಬಹುಪಾಲು ಮಯೊನೀಸ್. ಬಿಲ್ಲಿನಲ್ಲಿ ಜಿಎಸ್‌ಟಿ ತಪ್ಪಿದ್ದಲ್ಲ, ಆದರೆ ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ. ಈ ಬಗ್ಗೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಬೇಡವೆನ್ನಿ, ತೆಗೆಯುತ್ತಾರೆ.

ಪಾರ್ಸೆಲ್ ವಿಷಯ: 70 ಕಿ.ಮೀ. ದಾರಿ, ನೆಲಮಂಗಲದ ಟ್ರಾಫಿಕ್ಕು. ಹಸಿ ಮೀನಿನದು ತರಲೇಬೇಡಿ. ತರಕಾರಿ ಸುರುಳಿ ಅಪಾಯವಲ್ಲ, ರುಚಿ ಮಾತ್ರ ಇಳಿದಿರುತ್ತದೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ನೋರಿ ತಿನ್ನಬಹುದೇ? ಸುಶಿ ಜೊತೆಗಿನ ಹಸಿರು ಖಾರ, ವಸಾಬಿ, ಕೊಳ್ಳಲೇಬೇಕೇ? (ಕ್ಯಾತ್ಸಂದ್ರ)

ಉತ್ತರ: ನೋರಿ ಸಮುದ್ರದ ಪಾಚಿ, ತಿನ್ನಬಹುದು. ಎಚ್ಚರ ಬೇಕಾದದ್ದು ಜೊತೆಗೆ ಕೊಡುವ ಮಿಸೊ (ಹುದುಗಿಸಿದ ಸೋಯಾ) ಸೂಪಿನಲ್ಲಿ. ಅದರ ತಿಳಿಸಾರಿಗೆ ಸಾಮಾನ್ಯವಾಗಿ ಒಣಮೀನು ಹಾಕಿರುತ್ತಾರೆ. ಕ್ರ್ಯಾಬ್ ಸ್ಟಿಕ್ ಅರೆದ ಮೀನು, ಮಯೊನೀಸಿನಲ್ಲಿ ಮೊಟ್ಟೆ ಇರಬಹುದು. ಅಗ್ಗದ ವಸಾಬಿ ಟ್ಯೂಬಿನಲ್ಲಿ ಹೆಚ್ಚಾಗಿ ಇರುವುದು ಹಾರ್ಸ್‌ರ್ಯಾಡಿಷ್ ಎಂಬ ಗೆಡ್ಡೆ, ಸಾಸಿವೆ, ಹಸಿರು ಬಣ್ಣ. ಸಾಸಿವೆ ಪುಡಿಯನ್ನು ತಣ್ಣೀರಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಮೂಗಿಗೆ ಅದೇ ಏಟು. ಬಿಸಿನೀರು ಹಾಕಿದರೆ ಖಾರ ಏಳುವುದಿಲ್ಲ.