ಓದುಗರ ಪ್ರಶ್ನೆ: ಸ್ಕೈಡೈವಿಂಗ್ ಸೂಟ್ ಮನೆಯಲ್ಲೇ ಹೊಲಿಯಬಹುದಾ?

ಪ್ರಶ್ನೆ: ನಲವತ್ತು ಜಂಪ್ ಆಗಿದೆ. ಇನ್ನೂ ಬಾಡಿಗೆ ಜಂಪ್‌ಸೂಟ್‌ನಲ್ಲೇ ಹಾರುತ್ತಿದ್ದೇನೆ, ಅದರೊಳಗೆ ಇನ್ನೊಬ್ಬರು ಹಿಡಿಸುತ್ತಾರೆ, ಅಷ್ಟು ದೊಗಳೆ. ನನಗೆ ಹೊಲಿಗೆ ಚೆನ್ನಾಗಿ ಬರುತ್ತದೆ, ಮನೆಯಲ್ಲಿ ಸಾಧಾರಣ ಮಿಷನ್ ಇದೆ. ಸೂಟ್ ನಾನೇ ಹೊಲಿದುಕೊಳ್ಳಬಹುದಾ? ಯಾವ ಬಟ್ಟೆ ತರಲಿ?

ಉತ್ತರ: ಧಾರಾಳವಾಗಿ ಹೊಲಿದುಕೊಳ್ಳಿ. ಬಟ್ಟೆ ತರುವ ಮೊದಲು ನಿಮ್ಮ ಮೈಕಟ್ಟು ನೋಡಿಕೊಳ್ಳಿ. ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ವೇಗ ಸಾಮಾನ್ಯವಾಗಿ ಗಂಟೆಗೆ 190ರಿಂದ 200 ಕಿ.ಮೀ. ಇರುತ್ತದೆ, ಇದನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡುವುದು ಸೂಟಿನ ಬಟ್ಟೆಯೇ. ತೆಳ್ಳಗಿರುವವರು ದೊಗಳೆ ಸೂಟ್ ಹಾಕಿದರೆ ಜೊತೆಯವರೆಲ್ಲ ಕೆಳಗೆ ಕೈ ಹಿಡಿದುಕೊಂಡು ಕಾಯುತ್ತಿರುತ್ತಾರೆ, ಇವರೊಬ್ಬರು ಮೇಲೆ ತೇಲುತ್ತಾ ಇರುತ್ತಾರೆ. ಇಂಥವರಿಗೆ ಮೈಗೆ ಹತ್ತಿದ, ನುಣ್ಣಗಿನ ನೈಲಾನ್ ಸರಿ. ಮೈ ತೂಕ ಜಾಸ್ತಿ ಇದ್ದರೆ ಹತ್ತಿ ಬೆರೆತ ಪಾಲಿಕಾಟನ್ ತನ್ನಿ, ಸ್ವಲ್ಪ ಸಡಿಲವಾಗಿ ಹೊಲಿಯಿರಿ. ಗಾಳಿ ಹಿಡಿದು ನಿಧಾನ ಮಾಡುತ್ತದೆ.

ಮಂಡಿಗೆ ಮತ್ತು ಕುಂಡಿಗೆ ಕಾರ್ಡುರಾ ಅನ್ನುವ, ಬೇಗ ಸವೆಯದ ಗಟ್ಟಿ ಬಟ್ಟೆಯ ತೇಪೆ ಹಾಕಿ. ಎಲ್ಲ ಲ್ಯಾಂಡಿಂಗೂ ನಿಂತುಕೊಂಡೇ ಆಗುವುದಿಲ್ಲ, ಅಲ್ವಾ? ಕಂಕುಳಿಗೆ, ಸೊಂಟದ ಹಿಂದೆ ಲೈಕ್ರಾ ಪಟ್ಟಿ ಕೊಡಿ, ಅದನ್ನು ಜಿಗ್‌ಜ್ಯಾಗ್‌ನಲ್ಲೇ ಹೊಲಿಯಿರಿ. ನೇರ ಹೊಲಿಗೆ ಹಾಕಿದರೆ ಬಟ್ಟೆ ಎಳೆದ ಕೂಡಲೇ ದಾರ ಪಟಪಟ ಹರಿಯುತ್ತದೆ. ಉಳಿದ ಮುಖ್ಯ ಹೊಲಿಗೆಗಳನ್ನು ಜೀನ್ಸ್ ಪ್ಯಾಂಟಿನ ಹಾಗೆ ಮಡಚಿ ಎರಡು ಸಾಲು ಹಾಕಿ. ಹತ್ತಿ ದಾರ ಬೇಡ, ಪಾಲಿಯೆಸ್ಟರ್ ಇರಲಿ.

ಎಲ್ಲರೂ ಎಡವುವುದು ಅಳತೆಯಲ್ಲಿ. ನೇರ ನಿಂತು ಅಳತೆ ತೆಗೆಯಬೇಡಿ. ಕೈ ಮೇಲೆತ್ತಿ, ಕುಕ್ಕರುಗಾಲಲ್ಲಿ ಕೂತು, ಆಮೇಲೆ ನೆಲದ ಮೇಲೆ ಬೋರಲು ಮಲಗಿ ಬಿಲ್ಲಿನ ಹಾಗೆ ಬಾಗಿ, ಮೂರೂ ಭಂಗಿಯಲ್ಲಿ ಹೆಗಲಿಂದ ಕಾಲಸಂದಿಗೆ ಟೇಪ್ ಹಿಡಿಸಿ, ಯಾವುದು ಜಾಸ್ತಿ ಬರುತ್ತದೋ ಅದನ್ನು ತೆಗೆದುಕೊಳ್ಳಿ. ಮೇಲೆ ಹಾರ್ನೆಸ್ ಪಟ್ಟಿ (ಪ್ಯಾರಾಚೂಟನ್ನು ಮೈಗೆ ಕಟ್ಟುವ ಪಟ್ಟಿ) ಬಿಗಿದಾಗ ಬಟ್ಟೆ ಇನ್ನಷ್ಟು ಎಳೆಯುತ್ತದೆ. ನನ್ನ ಮೊದಲ ಸೂಟ್ ವಿಮಾನದ ಬಾಗಿಲಲ್ಲಿ ಕೂತ ತಕ್ಷಣ ಪರ್ರ್ ಅಂದಿತು. ಇಂಜಿನ್ ಸದ್ದಿನಲ್ಲೂ ಪಕ್ಕದವರಿಗೆ ಕೇಳಿಸಿತು.

ಅದು ನಗೆಪಾಟಲಿನ ವಿಷಯ, ಹೋಗಲಿ. ಎರಡನೆಯ ಸೂಟಿನಲ್ಲಿ ಆದದ್ದಕ್ಕೆ ನಗು ಬರಲಿಲ್ಲ. ಹರಿದದ್ದು ನೆನಪಿತ್ತಲ್ಲ, ಈ ಸಲ ಬೆನ್ನಿನ ಕಡೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದೆ. ಪ್ಯಾರಾಚೂಟ್ ಬಿಚ್ಚುವ ಎತ್ತರ ಬಂತು, ಬಲಗೈ ಹಿಂದೆ ಹಾಕಿದೆ, ರಿಗ್ಗಿನ, ಅಂದರೆ ಬೆನ್ನಿಗೆ ಕಟ್ಟಿದ ಪ್ಯಾರಾಚೂಟ್ ಚೀಲದ, ಕೆಳಮೂಲೆಯಲ್ಲಿ ಹಿಡಿ ಇರಬೇಕು. ಕೈಗೆ ಬಂದದ್ದು ನನ್ನದೇ ಬಟ್ಟೆ, ಒಂದು ಮುಷ್ಟಿ. ಬಿಟ್ಟು ಮತ್ತೆ ಹುಡುಕಿದೆ. ಮತ್ತೆ ಬಟ್ಟೆ. ಮೂರನೆಯ ಸಲ ಹಿಡಿ ಸಿಕ್ಕಿತು. ಒಟ್ಟು ಮೂರು ಸೆಕೆಂಡ್ ಇರಬಹುದು, ಆದರೆ ಆ ವೇಗದಲ್ಲಿ ಸೆಕೆಂಡಿಗೆ 50 ಮೀಟರಿಗಿಂತ ಜಾಸ್ತಿ ಕೆಳಗೆ ಬರುತ್ತೇವೆ, ಅಂದರೆ ಸುಮ್ನೆ ಬಟ್ಟೆ ಹಿಂಡುತ್ತಾ 150 ಮೀಟರ್ ಕಳೆದುಕೊಂಡಿದ್ದೆ. ಅವತ್ತು ರಾತ್ರಿಯೇ ಬೆನ್ನಿನ ಹೊಲಿಗೆ ಬಿಚ್ಚಿ ಎಲಾಸ್ಟಿಕ್ ಹಾಕಿದೆ.

ಹಾಗಾಗಿ ಸೂಟ್ ಮುಗಿದ ಮೇಲೆ ಕನ್ನಡಿ ಮುಂದೆ ನಿಲ್ಲುವುದು ಆಮೇಲೆ. ಮೊದಲು ರಿಗ್ ಹಾಕಿಕೊಂಡು ಬೋರಲು ಮಲಗಿ, ಕಣ್ಣು ಮುಚ್ಚಿ, ಯಾರಿಗಾದರೂ ಬಟ್ಟೆಯನ್ನು ಅಲ್ಲಿ ಇಲ್ಲಿ ಎಳೆಯಲು ಹೇಳಿ. ಮೇನ್ (ಮುಖ್ಯ ಪ್ಯಾರಾಚೂಟ್ ಬಿಚ್ಚುವುದು), ಕಟ್‌ಅವೇ (ಅದು ಕೆಟ್ಟರೆ ಕಳಚಿ ಬಿಡುವುದು), ರಿಸರ್ವ್ (ತುರ್ತಿಗೆ ಇರುವ ಎರಡನೆಯ ಪ್ಯಾರಾಚೂಟ್ ಬಿಚ್ಚುವುದು) ಮೂರೂ ಹಿಡಿಗಳು ಪ್ರತಿ ಸಲವೂ ಮೊದಲ ಯತ್ನದಲ್ಲೇ ಕೈಗೆ ಸಿಗಬೇಕು. ಒಂದು ಸಲ ತಪ್ಪಿದರೂ ಸೂಟ್ ವಾಪಸ್ ಮಿಷನ್ ಮೇಲೆ. ಆಮೇಲೂ ನಿಮ್ಮ ಇನ್‌ಸ್ಟ್ರಕ್ಟರ್‌ಗೆ ತೋರಿಸದೆ ಹಾರಬೇಡಿ.

ಪ್ರಶ್ನೆ: ಸೂಟ್ ಯಾಕೆ, ಹುಡ್ ಇರುವ ಸ್ವೆಟ್‌ಶರ್ಟ್ ಸಾಕಲ್ವಾ? ತುಂಬಾ ಜನ ಹಾಕುತ್ತಾರೆ.

ಉತ್ತರ: ಹುಡ್ ಕತ್ತರಿಸಿ ಹಾಕಿಕೊಳ್ಳಿ. ಅದು ಬಡಿದಾಡುವುದು ಕುತ್ತಿಗೆ ಹಿಂದೆ, ರಿಸರ್ವ್ ಪಿನ್ ಇರುವ ಜಾಗದ ಹತ್ತಿರ. ದಾರಗಳನ್ನೂ ಕಿತ್ತು ಹಾಕಿ, ಕಣ್ಣಿಗೆ ಚಾಟಿಯ ಹಾಗೆ ಬೀಸುತ್ತವೆ. ಕೆಳ ಅಂಚನ್ನು ಪ್ಯಾಂಟಿನೊಳಗೆ ಸಿಕ್ಕಿಸಿ. ಯಾಕೆ ಅಂತ ಮೇಲೆ ಹೇಳಿಯಾಯಿತು.

ಪ್ರಶ್ನೆ: ನಾನು ಚರ್ಮದ ಚೀಲ ಹೊಲಿಯುವವನು, ದಪ್ಪ ಕೆಲಸದ ಮಿಷನ್ ಇದೆ. ರೈಸರ್ ಅಂದರೆ ಬರೀ ಎರಡು ಪಟ್ಟಿ, ಒಂದಷ್ಟು ಉಂಗುರ. ನೈಲಾನ್ ಪಟ್ಟಿ, ದಾರ ಎಲ್ಲವೂ ಕೊಳ್ಳಲು ಸಿಗುತ್ತದೆ. ನಾನೇ ಹೊಲಿದರೆ ಏನು ತಪ್ಪು?

ಉತ್ತರ: ನಿಮ್ಮ ಕೈಕೆಲಸದ ಬಗ್ಗೆ ಅನುಮಾನವಿಲ್ಲ. ಆದರೂ ಬೇಡ.

ಪ್ಯಾರಾಚೂಟನ್ನು ಹಾರ್ನೆಸ್ಸಿಗೆ ಜೋಡಿಸುವ ಪಟ್ಟಿಯೇ ರೈಸರ್. ಅದರ ಬುಡದಲ್ಲಿ ಬಿಲ್ ಬೂತ್ 1970ರ ದಶಕದಲ್ಲಿ ಕಂಡುಹಿಡಿದ ಮೂರು ಉಂಗುರದ ಏರ್ಪಾಡು ಇರುತ್ತದೆ. ದೊಡ್ಡ ಉಂಗುರ ಹಾರ್ನೆಸ್ ಮೇಲೆ. ಅದರೊಳಗೆ ನಡುವಿನದು ತೂರಿ ಮಡಚಿಕೊಳ್ಳುತ್ತದೆ, ಅದರೊಳಗೆ ಚಿಕ್ಕದು, ಚಿಕ್ಕದನ್ನು ಹಿಡಿದಿರುವುದು ಒಂದು ದಾರದ ಕುಣಿಕೆ, ಕುಣಿಕೆಯನ್ನು ಹಿಡಿದಿರುವುದು ಒಂದು ಕೇಬಲ್. ಒಂದೊಂದು ಉಂಗುರವೂ ಸನ್ನೆಗೋಲಿನ ಹಾಗೆ ಭಾರ ಇಳಿಸುತ್ತಾ ಹೋಗುತ್ತದೆ, ಅದಕ್ಕೇ ನಿಮ್ಮ ಪೂರ್ತಿ ತೂಕ ನೇತಾಡುತ್ತಿದ್ದರೂ ಕೇಬಲ್ ಎಳೆದು ಕೆಟ್ಟ ಪ್ಯಾರಾಚೂಟನ್ನು ಕಳಚಲು ಒಂದು ಕೈಯ ಬಲ ಸಾಕು. ಈಗ ನಿಮ್ಮ ಹೊಲಿಗೆಯಲ್ಲಿ ಕುಣಿಕೆ ಕೆಲವೇ ಮಿಲಿಮೀಟರ್ ಉದ್ದವಾಯಿತು ಅನ್ನಿ. ಉಂಗುರಗಳು ಸರಿಯಾಗಿ ಕೂರುವುದಿಲ್ಲ, ಸನ್ನೆಗೋಲಿನ ಲೆಕ್ಕ ತಪ್ಪುತ್ತದೆ. ಮೊಳೆಗೆ ನೇತು ಹಾಕಿದಾಗ ಏನೂ ಗೊತ್ತಾಗದು. ಪ್ಯಾರಾಚೂಟ್ ಕೆಟ್ಟು ಗಿರಗಿರ ತಿರುಗುವಾಗ ಕೇಬಲ್ ಗಟ್ಟಿ ಕೂತುಬಿಡಬಹುದು.

ಇನ್ನು ಹೊಲಿಗೆ. ಚೀಲಕ್ಕೆ ಒಂದು ಸಾಲು ಜಾಸ್ತಿ ಹಾಕಿದರೆ ಗಟ್ಟಿ ಅಂತ ನಾವು ಅಂದುಕೊಳ್ಳುತ್ತೇವೆ. ಈ ಪಟ್ಟಿಯಲ್ಲಿ ಹಾಗಲ್ಲ. ಪ್ರತಿ ಸೂಜಿ ತೂತೂ ಪಟ್ಟಿಯ ಎಳೆಗಳಿಗೆ ಪೆಟ್ಟು ಕೊಡುತ್ತದೆ, ಆದ್ದರಿಂದ ದಾರದ ದಪ್ಪ, ಇಂಚಿಗೆ ಎಷ್ಟು ಹೊಲಿಗೆ, ಯಾವ ಆಕಾರದಲ್ಲಿ ಅನ್ನುವುದೆಲ್ಲ ಪರೀಕ್ಷೆ ಮಾಡಿ ಗೊತ್ತು ಮಾಡಿದ್ದು. ಅಮೆರಿಕದಲ್ಲಿ ಹಾರ್ನೆಸ್ ಮತ್ತು ರಿಸರ್ವ್ ಎರಡೂ ಮಂಜೂರಾದ ಮಾದರಿಯವೇ ಆಗಿರಬೇಕು, ರಿಸರ್ವನ್ನು 180 ದಿನದೊಳಗೆ ಪರವಾನಗಿ ಇರುವ ರಿಗ್ಗರ್ (ಪ್ಯಾರಾಚೂಟ್ ಪ್ಯಾಕ್ ಮಾಡುವ, ರಿಪೇರಿ ಮಾಡುವ ಕೆಲಸಗಾರ) ಪ್ಯಾಕ್ ಮಾಡಿರಬೇಕು.

ಫ್ರಾಂಜ್ ರೈಖೆಲ್ಟ್ ಅಂತ ಒಬ್ಬ ದರ್ಜಿ ಇದ್ದ, ಪ್ಯಾರಿಸ್‌ನಲ್ಲಿ. ತಾನೇ ಹೊಲಿದ ಪ್ಯಾರಾಚೂಟ್ ಕೋಟು ಹಾಕಿಕೊಂಡು 1912ರ ಫೆಬ್ರವರಿ 4ರಂದು ಐಫೆಲ್ ಗೋಪುರದ ಮೊದಲ ಅಂತಸ್ತಿನಿಂದ, ಸುಮಾರು 57 ಮೀಟರ್ ಎತ್ತರದಿಂದ ಹಾರಿದ. ಪೊಲೀಸರು ಬೊಂಬೆ ಎಸೆಯುತ್ತಾನೆ ಅಂದುಕೊಂಡು ಅನುಮತಿ ಕೊಟ್ಟಿದ್ದರು. ಕೋಟು ಬಿಚ್ಚಿಕೊಳ್ಳಲಿಲ್ಲ, ಅಲ್ಲೇ ಸತ್ತ. ಅವನಿಗೇನು ಹೊಲಿಗೆ ಬರುತ್ತಿರಲಿಲ್ಲವೇ?

ನಿಮಗೆ ನಿಜವಾಗಿ ಆಸೆ ಇದ್ದರೆ ಒಬ್ಬ ರಿಗ್ಗರ್ ಹತ್ತಿರ ಕೆಲಸ ಕಲಿಯಿರಿ. ದಪ್ಪ ಮಿಷನ್ ಓಡಿಸಿ ಪಳಗಿದ ಕೈ ಅವರಿಗೂ ಬೇಕು.

ಪ್ರಶ್ನೆ: ಹಾಗಾದರೆ ಮನೆಯಲ್ಲಿ ಧೈರ್ಯವಾಗಿ ಹೊಲಿಯಬಹುದಾದದ್ದು ಏನೇನು? ಪೈಲಟ್ ಚೂಟ್ ಸುಲಭ ಅನ್ನಿಸುತ್ತದೆ.

ಉತ್ತರ: ಪ್ಯಾಕಿಂಗ್ ಚಾಪೆ, ರಿಗ್ ಇಡುವ ಚೀಲ, ಹೆಲ್ಮೆಟ್ ಚೀಲ, ಯಾವುದಾದರೂ ಹೊಲಿಯಿರಿ. ಪೈಲಟ್ ಚೂಟ್ ಅಂದರೆ ಮುಖ್ಯ ಪ್ಯಾರಾಚೂಟನ್ನು ಹೊರಗೆ ಎಳೆಯುವ ಪುಟ್ಟ ಪ್ಯಾರಾಚೂಟ್. ನೋಡಲು ಸುಲಭ, ದುಂಡು ಬಟ್ಟೆ, ಕೆಳಗೆ ಬಲೆ. ಒಂದು ಪಕ್ಕ ಸ್ವಲ್ಪ ಜಾಸ್ತಿಯಾದರೂ ಗಾಳಿಯಲ್ಲಿ ಓಲಾಡುತ್ತದೆ, ಎಳೆಯಬೇಕಾದಷ್ಟು ಎಳೆಯುವುದಿಲ್ಲ, ಮುಖ್ಯ ಪ್ಯಾರಾಚೂಟ್ ಹೊರಗೆ ಬರುವುದೇ ಅದರಿಂದ. ಸದ್ಯಕ್ಕೆ ಬಿಡಿ.

ಹಳೆಯ, ಹಾರಲು ಬಾರದ ಪ್ಯಾರಾಚೂಟಿನ ಬಟ್ಟೆ ಸಿಕ್ಕಿದರೆ ಅದರಲ್ಲೇ ಚೀಲ ಹೊಲಿದು ಕೈ ಪಳಗಿಸಿಕೊಳ್ಳಿ. ಸಿಲಿಕೋನ್ ಲೇಪ ಇರುವ ಬಟ್ಟೆ ಮೀನಿನ ಹಾಗೆ ಜಾರುತ್ತದೆ. ಗುಂಡುಪಿನ್ ಚುಚ್ಚಬೇಡಿ, ತೂತು ಹಾಗೇ ಉಳಿಯುತ್ತದೆ. ಎರಡೂ ಕಡೆ ಅಂಟುವ ಟೇಪ್ ಹಾಕಿ, ಇಲ್ಲವೇ ಕ್ಲಿಪ್ ಹಾಕಿ. ಸೂಜಿ ಮುರಿದರೆ ಎರಡೂ ತುಂಡು ಸಿಗುವ ತನಕ ಜಾಗ ಬಿಟ್ಟು ಏಳಬೇಡಿ, ಪ್ಯಾಕ್ ಮಾಡುವ ಚಾಪೆಯಲ್ಲಿ ಒಂದು ಮೊನೆ ಉಳಿದರೂ ಅದು ಪ್ಯಾರಾಚೂಟಿಗೆ ಚುಚ್ಚುತ್ತದೆ. ನಾನು ಇದಕ್ಕೆಂದೇ ಮಿಷನ್ ಕಾಲಿಗೆ ಒಂದು ಅಯಸ್ಕಾಂತ ಕಟ್ಟಿಟ್ಟಿದ್ದೇನೆ.