ಕಸ್ಟರ್ ಒಳ್ಳೆ ಸೇನಾನಿಯಾ, ಬರೀ ಹುಂಬನಾ?

19ನೇ ಶತಮಾನದ ಅಮೆರಿಕದ ಕುದುರೆ ದಳದ ಸೇನಾನಿ ಜಾರ್ಜ್ ಕಸ್ಟರ್ ನಿಜಕ್ಕೂ ಸಮರ್ಥನಾ, ಇಲ್ಲಾ ಮೂಲನಿವಾಸಿಗಳ ವಿರುದ್ಧದ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ತನ್ನವರನ್ನು ಸಾವಿಗೆ ನೂಕಿದ ಹುಂಬನಾ ಅಂತ ಕೇಳಿದ್ದೀರಿ. ಕೈಕೆಳಗಿನ ಅಧಿಕಾರಿಗಳು ಕೈಕೊಟ್ಟರಾ ಅಂತಲೂ ಕೇಳಿದ್ದೀರಿ.

ಶತ್ರು ಇಲ್ಲಿದ್ದಾನೆ, ಹೊಡಿ ಅಂತ ಮೇಲಿನವರು ತೋರಿಸಿಕೊಟ್ಟರೆ ಅವನಂತೆ ನುಗ್ಗುವವರು ಕಡಿಮೆ. ಶತ್ರುವನ್ನು ತಾನೇ ಹುಡುಕಿ, ಬಲ ಅಳೆದು ಹೊಡೆಯಬೇಕಾದಾಗ ಎಡವುತ್ತಿದ್ದ. ನನಗೆ ಅನ್ನಿಸುವುದು ಇದು.

ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನಲ್ಲಿ ಅವನು ತನ್ನ ತಂಡಕ್ಕೇ ಕೊನೆಯವನು. ಆದರೂ ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ, ಉತ್ತರದ ಸೇನೆಯಲ್ಲಿ, 23ನೇ ವಯಸ್ಸಿಗೇ ಬ್ರಿಗೇಡಿಯರ್ ಜನರಲ್ ಆದ. 1863ರ ಜುಲೈ 3ರಂದು ಗೆಟ್ಟಿಸ್‌ಬರ್ಗ್ ಹತ್ತಿರ ದಕ್ಷಿಣದ ಸೇನಾನಿ ಸ್ಟುವರ್ಟ್‌ನ ಕುದುರೆ ದಳ ಮೇಲೇರಿ ಬಂದಾಗ ತನ್ನ ಮಿಷಿಗನ್ ಸವಾರರ ಮುಂದೆ ತಾನೇ ನಿಂತು ನುಗ್ಗಿಸಿದ. ಇದು ಅದೃಷ್ಟ ಅಲ್ಲ, ನಿಜವಾದ ಸಾಮರ್ಥ್ಯ.

ಆದರೆ ಅವನನ್ನು ಅರ್ಥ ಮಾಡಿಕೊಳ್ಳಬೇಕಾದರೆ 1868ರಲ್ಲಿ ವಾಷಿಟಾ ಹೊಳೆಯ ದಡದಲ್ಲಿ ನಡೆದ ದಾಳಿಯನ್ನು ನೋಡಬೇಕು. ನವೆಂಬರ್ 27ರ ಬೆಳಗಿನ ಜಾವ, ಹಿಮದಲ್ಲಿ, ಷಾಯೆನ್ ಅನ್ನುವ ಮೂಲನಿವಾಸಿ ಜನರ ಬೀಡನ್ನು ನಾಲ್ಕು ಕಡೆಯಿಂದ ಮುತ್ತಿದ. ಶಾಂತಿ ಬಯಸುತ್ತಿದ್ದ ಮುಖಂಡ ಬ್ಲ್ಯಾಕ್ ಕೆಟಲ್ ಮತ್ತು ಅವನ ಹೆಂಡತಿ ಸತ್ತರು. ಬೇರೆ ಹೆಂಗಸರು, ಮಕ್ಕಳೂ ಸತ್ತರು. ಹೊಳೆಯ ಕೆಳಗೆ ಇನ್ನೂ ದೊಡ್ಡ ಬೀಡುಗಳಿದ್ದವು. ಅದನ್ನು ದಾಳಿಗೆ ಮೊದಲು ಅವನು ನೋಡಿರಲೇ ಇಲ್ಲ. ಅಲ್ಲಿಂದ ಯೋಧರು ಬಂದಾಗ ಹಿಂದೆ ಸರಿದ. ಅವನ ದಳದ ಮೇಜರ್ ಎಲಿಯಟ್ ಮತ್ತು ಸುಮಾರು 20 ಜನ ಕಾಣೆಯಾಗಿದ್ದರು. ಅವರನ್ನು ಸರಿಯಾಗಿ ಹುಡುಕದೆ ಹೊರಟುಬಿಟ್ಟ. ಅವರೆಲ್ಲ ಸತ್ತಿದ್ದರು. ಆದರೂ ಸೇನೆ ಅದನ್ನು ಗೆಲುವು ಅಂತ ಹೊಗಳಿತು. ನೋಡದೆ ನುಗ್ಗಿದರೂ ನಡೆಯುತ್ತದೆ ಅನ್ನುವ ಪಾಠ ಅವನಿಗೆ ಸಿಕ್ಕಿದ್ದು ಇಲ್ಲೇ ಅಂತ ನನ್ನ ನಂಬಿಕೆ.

1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್‌ನಲ್ಲೂ ಅದನ್ನೇ ಮಾಡಿದ. ದಾಳಿ ಮಾಡಿದ್ದೇ ಹುಚ್ಚುತನ ಅನ್ನಲಾರೆ. ಅಲ್ಲಿ ಬೀಡುಬಿಟ್ಟಿದ್ದ ಲಕೋಟಾ, ಷಾಯೆನ್ ಮೂಲನಿವಾಸಿಗಳು ಚೆದುರಿ ತಪ್ಪಿಸಿಕೊಂಡಾರು ಅನ್ನುವುದೇ ಆಗ ಇಡೀ ಸೇನೆಯ ಭಯ. ಎಂಟು ದಿನ ಮುಂಚೆ ಅವರೇ ಅಮೆರಿಕ ಸೇನೆಯ ಜನರಲ್ ಕ್ರುಕ್‌ನನ್ನು ರೋಸ್‌ಬಡ್ ಹೊಳೆಯ ಹತ್ತಿರ ತಡೆದಿದ್ದರು. ಆ ಸುದ್ದಿ ಕಸ್ಟರ್‌ಗೆ ತಲುಪಿರಲಿಲ್ಲ. ತಪ್ಪು ಆಗಿದ್ದು ಬೇರೆ ಕಡೆ. ಬೀಡು ದೊಡ್ಡದು ಅಂತ ಸೇನೆಯ ಜೊತೆಗಿದ್ದ ಕ್ರೋ, ಅರಿಕಾರಾ ಬುಡಕಟ್ಟಿನ ಬೇಹಿನವರು ಎಚ್ಚರಿಸಿದ್ದರೂ, ಅದರ ಅಳತೆ ಸಿಗುವ ಮೊದಲೇ ಸುಮಾರು 600 ಜನರ ದಳವನ್ನು ಒಡೆದು ಹಂಚಿಬಿಟ್ಟ. ಕೈಕೆಳಗಿನ ಅಧಿಕಾರಿಗಳಾದ ಮೇಜರ್ ರೆನೊ, ಕ್ಯಾಪ್ಟನ್ ಬೆಂಟೀನ್‌ಗೆ ಒಂದೊಂದು ತುಕಡಿ ಕೊಟ್ಟು ಬೇರೆ ಬೇರೆ ಕಡೆ ಕಳಿಸಿದ.

ಈಗ ಅಧಿಕಾರಿಗಳು ಕೈಕೊಟ್ಟರಾ ಅನ್ನುವ ಮಾತು. ಬೀಡು ಕಂಡ ಮೇಲೆ ಕಸ್ಟರ್‌ನಿಂದ ಬೆಂಟೀನ್‌ಗೆ ಅವಸರದ ಚೀಟಿ ಹೋಯಿತು: ದೊಡ್ಡ ಬೀಡು, ಬೇಗ ಬಾ, ಸಾಮಾನಿನ ಹೊರೆಗಳನ್ನೂ ತಾ. ಒಯ್ದವನು ಇಂಗ್ಲಿಷ್ ಅಷ್ಟಾಗಿ ಬಾರದ ಇಟಲಿಯ ಹುಡುಗ, ಕಹಳೆಯವನು ಮಾರ್ಟಿನಿ. ಹೊರೆ ಹೊತ್ತ ಹೇಸರಗತ್ತೆಗಳನ್ನು ಕರೆತರುವುದು, ಬೇಗ ಬರುವುದು, ಎರಡೂ ಒಟ್ಟಿಗೆ ಆಗುತ್ತಾ? ಬೆಂಟೀನ್ ನಿಧಾನ ಮಾಡಿದ, ನಿಜ. ಬೀಡಿನ ಮೇಲೆ ಬಿದ್ದ ರೆನೊ ಹಿಂದೆ ಸರಿದ ರೀತಿಯೂ ಅಸ್ತವ್ಯಸ್ತ. ಆದರೆ ಕಸ್ಟರ್ ಮತ್ತು ಜೊತೆಗಿದ್ದ ಸುಮಾರು 210 ಜನರ ಸಾವನ್ನು ಅವರಿಬ್ಬರ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಅವರನ್ನು ಅಷ್ಟು ದೂರ ಕಳಿಸಿದವನು ಕಸ್ಟರ್ ತಾನೇ, ಅಲ್ವಾ?